ಹಿಮ್ಮುಖವಾಗಿ ಇಳಿಯುತ್ತಿದ್ದ ನಾಗವೇಣಿ

ಮೆಟ್ಟಿಲು ಇಳಿಯುವಾಗ ನಾಗವೇಣಿಯ ಮುಖ ಮೇಲಕ್ಕಿರುತ್ತಿತ್ತು. ಏಣಿ ಇಳಿಯುವವರ ಹಾಗೆ ಹಿಂದಕ್ಕೆ ತಿರುಗಿ, ಕಂಬಿ ಹಿಡಿದು, ಕೆಳಗಿನ ಮೆಟ್ಟಿಲನ್ನು ಪಾದದಿಂದ ತಡಕುತ್ತ ಇಳಿಯುತ್ತಿದ್ದಳು. ಕಾಲೇಜಿನಲ್ಲಿ ನಾವೆಲ್ಲ ನಕ್ಕೆವು. ಅವಳೂ ನಕ್ಕಳು. "ಮುಂದೆ ನೋಡ್ಕೊಂಡು ಇಳಿಯೋದ್ರಲ್ಲಿ ಏನೇ ಮಜಾ? ಎಲ್ಲಿಂದ ಬಂದ್ವಿ ಅಂತ ಕಾಣಿಸ್ಬೇಡ್ವಾ?" ಅಂದಳು. ಈ ಮಾತನ್ನು ಅವಳು ಮೊದಲ ವಾರವೇ ಅಂದಳೋ, ಗೆಳತಿಯರಾದ ಮೇಲೆ ಅಂದಳೋ, ನನಗೆ ಖಚಿತವಿಲ್ಲ. ನೆನಪು ಮಾತುಗಳನ್ನು ಒಪ್ಪುವ ಜಾಗದಲ್ಲಿ ತಂದು ಕೂರಿಸಿಬಿಡುತ್ತದೆ.

ಅವಳು ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದಳು, ನಾನು ಕುಣಿಗಲ್‌ನಿಂದ ಬಸ್ಸಿನಲ್ಲಿ. ಇಬ್ಬರೂ ತುಮಕೂರಿನ ಒಂದು ಇಂಜಿನಿಯರಿಂಗ್ ಕಾಲೇಜಿಗೆ. ಒಂದು ಸಂಜೆ ಕಾಲೇಜಿನಿಂದ ಬರುವಾಗ ಬಟವಾಡಿಯಲ್ಲಿ ಆಟೋ ಇಳಿದವಳು ಅದರ ಕಂಬಿ ಬಿಡದೆ ಕಣ್ಣು ಮುಚ್ಚಿ ನಿಂತಳು. ಆಟೋದವನು ರೇಗಿದ. ಅವಳಿಗೆ ಕಿವಿಯೊಳಗೆ ಏನೋ ತೊಂದರೆಯಿದೆ, ಆಗಾಗ ನೆಲವೇ ತಿರುಗುತ್ತದೆ ಎಂದು ನನಗೆ ತಿಳಿದದ್ದು ಆಗ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ನೀರು ಕುಡಿದು ಅಂದಳು: "ಮನೇಲಿ ಗೊತ್ತಾದ್ರೆ ರೈಲು ಬಂದ್. ಯಾರ್ಗೂ ಬಾಯಿ ಬಿಡಬೇಡ ಕಣೇ."

"ಅಂಥದ್ದೇನಿದೆ ಆ ರೈಲಲ್ಲಿ?"

"ರೈಲಲ್ಲಿ ಎಲ್ರೂ ಓಲಾಡ್ತಾರೆ. ಅಲ್ಲಿ ನಾನೊಬ್ಳೇ ಅಲ್ಲ."

ಮೂರನೇ ವರ್ಷ ನಾವಿಬ್ಬರೂ ಸೇರಿ ಕಂಪ್ಯೂಟರ್ ಆಟವೊಂದನ್ನು ಮಾಡಿದೆವು. ಇಬ್ಬರೂ ಸೇರಿ ಎನ್ನುವುದು ಪೂರ್ತಿ ನಿಜವಲ್ಲ. ಚಿತ್ರ ನನ್ನದು, ಉಳಿದದ್ದೆಲ್ಲ ಅವಳದು. ಬತ್ತಿದ ಕೆರೆಯಂಥ ಒಂದು ಆಳ. ಅದರ ಮೇಲೆ ಗಾಳಿಯಲ್ಲಿ ನಿಂತ ಕಲ್ಲುಚಪ್ಪಡಿಗಳು. ಆಡುವವರಿಗೆ ಅವರ ಕೈಕಾಲು ಕಾಣುವುದಿಲ್ಲ. ಪರದೆಯೇ ಅವರ ಕಣ್ಣು. ಚಪ್ಪಡಿಯಿಂದ ಚಪ್ಪಡಿಗೆ ದಾಟಿ ಆಚೆ ದಡ ಸೇರಬೇಕು, ಆದರೆ ಹಾರುವ ಹಾಗಿಲ್ಲ. ನೋಡುತ್ತಿರುವಷ್ಟು ಹೊತ್ತು ಚಪ್ಪಡಿ ಅಲುಗುವುದಿಲ್ಲ. ಬೆನ್ನು ತಿರುಗಿಸಿದರೆ, ರುಬ್ಬುಕಲ್ಲಿನ ಸದ್ದು ಮಾಡುತ್ತ ಹತ್ತಿರ ಬರುತ್ತದೆ. ಸದ್ದು ನಿಂತಾಗ, ತಿರುಗಿ ನೋಡದೆ, ಹಿಂದಕ್ಕೆ ಹೆಜ್ಜೆ ಇಡಬೇಕು.

ನಾನು ತಿರುಗಿ ನೋಡುತ್ತಿದ್ದೆ. ನೋಡಿದ ಕೂಡಲೇ ಚಪ್ಪಡಿ ಅಷ್ಟು ದೂರದಲ್ಲೇ ನಿಂತುಬಿಡುತ್ತಿತ್ತು, ಹೆಜ್ಜೆ ಎಟುಕದೆ ನಾನು ಬೀಳುತ್ತಿದ್ದೆ. "ಥೂ, ನಂಬಿಕೆ ಇಲ್ದೋಳೇ!" ಎಂದು ನಾಗವೇಣಿ ಮೇಜು ಬಡಿದು ನಗುತ್ತಿದ್ದಳು. "ನೋಡ್ತಾ ನಿಂತ್ರೆ ಬರಲ್ಲ ಕಣೇ. ಆಕಡೆ ತಿರುಗು. ಸುಮ್ನೆ ನಿಂತ್ಕೋ."

ಈ ಉಪಾಯ ಹೇಗೆ ಹೊಳೆಯಿತು ಎಂದು ಕೇಳಿದ್ದೆ. "ನಮ್ಮನೆ ಬೆಕ್ಕು. ಕರೆದ್ರೆ ಬರಲ್ಲ ಮೂದೇವಿ. ಆಕಡೆ ತಿರುಗ್ಕೊಂಡ್ರೆ ತಾನಾಗೇ ಬಂದು ಕಾಲು ಸವರುತ್ತೆ."

ಓದು ಮುಗಿದ ಮೇಲೆ ತುಮಕೂರಿನಲ್ಲೇ ಒಂದು ರೂಮು ಮಾಡಿ ಇನ್ನೂ ದೊಡ್ಡ ಆಟ ಮಾಡೋಣ ಎಂಬುದು ಅವಳ ಲೆಕ್ಕ. ರೂಮು ನೆಲಮಹಡಿಯಲ್ಲೇ ಇರಬೇಕು ಎಂಬುದೊಂದೇ ಅವಳ ಷರತ್ತು.

ಕಾಲೇಜುಗಳ ನಡುವಿನ ಸ್ಪರ್ಧೆಗೆ ಆಟವನ್ನು ಒಯ್ದೆವು. ಅಲ್ಲಿ ತೀರ್ಪುಗಾರರೊಬ್ಬರು ಮೊದಲ ಚಪ್ಪಡಿಯಲ್ಲೇ ಸಿಕ್ಕಿಹಾಕಿಕೊಂಡರು. "ಜಂಪ್ ಬಟನ್ ಯಾವ್ದಮ್ಮಾ?"

"ಜಂಪ್ ಇಲ್ಲ ಸರ್. ಆಕಡೆ ತಿರುಗಿ ಸರ್."

ಅವರು ತಿರುಗಲಿಲ್ಲ. ನಾಲ್ಕಾರು ಸಲ ಬಿದ್ದು, ಕುರ್ಚಿ ಹಿಂದಕ್ಕೆ ತಳ್ಳಿದರು. ನಮ್ಮ ಮೇಷ್ಟ್ರು ಶಿವಣ್ಣ ಸರ್ ಗಾಬರಿಯಾದರು. ನಾಗವೇಣಿಯ ತಲೆಸುತ್ತು ಅವರಿಗೂ ಗೊತ್ತಿತ್ತು. ಪರೀಕ್ಷೆಗೆ ಕೆಳಗಿನ ಕೋಣೆ ಬೇಕೆಂದು ಅವಳೇ ಹೇಳಿಕೊಂಡಿದ್ದಳು. ಅವರು ಮೈಕು ತೆಗೆದುಕೊಂಡರು. ಈ ಹುಡುಗಿಗೆ ನೆಲ ನಿಲ್ಲುವುದಿಲ್ಲ, ಮೆಟ್ಟಿಲನ್ನು ಹಿಂದೆ ಹಿಂದೆಯೇ ಇಳಿಯುತ್ತಾಳೆ, ತನ್ನ ಕಾಯಿಲೆಯನ್ನೇ ಆಟ ಮಾಡಿದ್ದಾಳೆ ಎಂದರು. ಅವರ ಕಣ್ಣಲ್ಲಿ ನಿಜವಾಗಿ ನೀರಿತ್ತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಫೋನುಗಳು ಮೇಲೆದ್ದವು.

ಮೈಕು ನಾಗವೇಣಿಯ ಕೈಗೆ ಬಂತು. "ಇಲ್ಲ ಸರ್, ಇದು ನಮ್ಮನೆ ಬೆಕ್ಕು ನೋಡಿ ಮಾಡಿದ್ದು" ಅಂದಳು.

ಎಲ್ಲರೂ ನಕ್ಕು ಇನ್ನೂ ಜೋರಾಗಿ ತಟ್ಟಿದರು. ನಮಗೆ ಮೊದಲ ಬಹುಮಾನ ಬಂತು. ಯಾವ ತೀರ್ಪುಗಾರರೂ ಆಟವನ್ನು ಮುಂದಕ್ಕೆ ಆಡಲಿಲ್ಲ.

ಆ ಸಂಜೆ ಅವಳ ರೈಲಿಗಿಂತ ಮೊದಲೇ ವಿಡಿಯೋ ಗುಬ್ಬಿ ಮುಟ್ಟಿತ್ತು. ಪ್ಲಾಟ್‌ಫಾರಮ್ಮಿನಲ್ಲಿ ಅವಳ ಅಣ್ಣ ನಿಂತಿದ್ದನಂತೆ. "ಊರಿಗೆಲ್ಲ ಗೊತ್ತು, ನಮಗ್ ಮಾತ್ರ ಗೊತ್ತಿಲ್ಲ. ಯಾಕಮ್ಮಿ, ನಾವು ಸತ್ತೋಗಿದ್ವಾ?" ಅಂದನಂತೆ. ತುಮಕೂರಿನಾಚೆ ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಮರುದಿನದಿಂದ ತನ್ನ ಬೈಕಿನಲ್ಲಿ ಅವಳನ್ನು ಕರೆತಂದು, ತನ್ನ ಪಾಳಿ ಮುಗಿದ ಮೇಲೆ ಕರೆದೊಯ್ದ. ಕೆಟ್ಟವನಲ್ಲ. ತಂಗಿಗೆ ತಲೆ ತಿರುಗೀತೆಂದು ಸೈಕಲ್ಲಿನವರಿಗೂ ದಾರಿ ಬಿಟ್ಟುಕೊಂಡು ಬರುತ್ತಿದ್ದ. ಅವಳು ಇಳಿಯುವಾಗ ಮುಖ ಬಿಳುಚಿಕೊಂಡಿರುತ್ತಿತ್ತು.

ಕೆಲವು ದಿನ ಬಿಟ್ಟು ಆಟವನ್ನು ತೆರೆದೆ. ಚಪ್ಪಡಿಗಳು ಕದಲದೆ ನಿಂತಿದ್ದವು. ಮುಂದೆ ನೋಡಿ ಒಂದು ಗುಂಡಿ ಒತ್ತಿದರೆ ಹಾರಬಹುದಿತ್ತು. ಆಚೆ ದಡ ಕಣ್ಮುಚ್ಚಿ ತೆಗೆಯುವಷ್ಟರಲ್ಲಿ ಬಂದುಬಿಟ್ಟಿತು.

"ಇದೇನೇ ಮಾಡಿದೀಯ?"

"ಎಲ್ರೂ ಹೆಂಗೆ ಹೋಗ್ತಾರೋ ಹಂಗೇ ಹೋಗ್ಲಿ ಬುಡು. ಆಟಕ್ಕೂ ಡಾಕ್ಟ್ರು ಚೀಟಿ ಯಾಕೆ?"

"ಹಳೇದು ಎಲ್ಲಿ?"

"ಅಳಿಸ್ದೆ."

ರೂಮಿನ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ.

ಆಟಕ್ಕೆ ಮೂಲ ಬೆಕ್ಕೋ, ಕಾಯಿಲೆಯೋ? ಕಾಯಿಲೆಯ ಕಥೆ ಹೆಚ್ಚು ಚೆನ್ನಾಗಿದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ನೋಡಿ, ಈ ಬರಹವನ್ನೂ ನಾನು ಅವಳ ಮೆಟ್ಟಿಲಿಂದಲೇ ಶುರುಮಾಡಿದ್ದೇನೆ, ಬೆಕ್ಕಿನಿಂದಲ್ಲ. ಶಿವಣ್ಣ ಸರ್ ಮೈಕಿನಲ್ಲಿ ಹೇಳಿದ್ದನ್ನೇ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತಿರಬಹುದು.

ಈಗ ಅವಳಿಗೆ ಫೋನು ಮಾಡಿದರೆ ಅಣ್ಣ ಎತ್ತುತ್ತಾನೆ. "ಮಲಗವ್ಳೆ ಕಣಮ್ಮ, ಎದ್ಮೇಲೆ ಹೇಳ್ತೀನಿ" ಅನ್ನುತ್ತಾನೆ. ಹೇಳುತ್ತಾನೋ ಇಲ್ಲವೋ.

ಅವಳನ್ನು ಕೊನೆಯ ಸಲ ಕಂಡದ್ದು ಅಂಕಪಟ್ಟಿ ತೆಗೆದುಕೊಳ್ಳಲು ಹೋದ ದಿನ. ಅಣ್ಣನಿಗೆ ರಜೆ ಸಿಕ್ಕಿರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಹೋಗುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ ರೈಲಿನಲ್ಲಿ ಬಂದಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಮುಖಕ್ಕೆ ಕಳೆ ಬಂದಿತ್ತು. ವಾಪಸ್ಸು ಹೋಗುವಾಗ ತುಮಕೂರು ಸ್ಟೇಷನ್ನಿನ ಮೇಲ್ಸೇತುವೆಯವರೆಗೆ ಜೊತೆಗೆ ಹೋದೆ. ಗುಬ್ಬಿ ಕಡೆಯ ರೈಲು ಆಚೆ ಪ್ಲಾಟ್‌ಫಾರಮ್ಮಿಗೆ ಬರುವುದಿತ್ತು.

ಕೆಳಗಿನವರೆಗೆ ಬರುತ್ತೇನೆ ಅಂದೆ. "ಬೇಡ. ಇದೊಂದ್ಸಲ ಒಬ್ಳೇ ಇಳೀತೀನಿ" ಅಂದಳು.

ನನ್ನ ಕಡೆ ತಿರುಗಿ, ಕಂಬಿ ಹಿಡಿದು, ಇಳಿಯತೊಡಗಿದಳು. ಹೋಗುವವರು ಸಾಮಾನ್ಯವಾಗಿ ಬೆನ್ನು ತೋರಿಸಿ ಹೋಗುತ್ತಾರೆ. ನಾಗವೇಣಿ ನನ್ನನ್ನೇ ನೋಡುತ್ತ ಹೋದಳು. ಮೊದಲು ಕಾಲು, ಆಮೇಲೆ ಸೊಂಟ, ಆಮೇಲೆ ಹೆಗಲು ಜನರ ನಡುವೆ ಮರೆಯಾದವು. ಮುಖವೊಂದು ಉಳಿದಿತ್ತು.

"ಏನೇ ಹಂಗೆ ನೋಡ್ತಾ ನಿಂತಿದೀಯ? ಹೋಗೇ, ಕುಣಿಗಲ್ ಬಸ್ ತಪ್ಪುತ್ತೆ!"

ನಾನು ಆಕಡೆ ತಿರುಗಿಕೊಂಡೆ. ಸುಮ್ಮನೆ ನಿಂತೆ. ರೈಲು ಬಂದ ಸದ್ದಾಯಿತು, ಹೊರಟ ಸದ್ದಾಯಿತು. ಬೆನ್ನ ಹಿಂದೆ ಮೆಟ್ಟಿಲು ಹತ್ತಿ ಬಂದವರೆಲ್ಲ ನನ್ನನ್ನು ದಾಟಿ ಮುಂದೆ ಹೋದರು. ಕೊನೆಯವರೂ ದಾಟಿ ಹೋದ ಮೇಲೂ ನಾನು ತಿರುಗಿ ನೋಡಲಿಲ್ಲ.