ಖಾಲಿ ಅಂಚುಗಳು

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ನಮ್ಮ ಎದುರು ಬಾಗಿಲಿನ ಮುದುಕರು ಬರ್ಲಿನ್ನಿನಿಂದ ನಾಜಿಗಳ ಕೈ ತಪ್ಪಿಸಿಕೊಂಡು ಬಂದ ಯಹೂದಿ ಕಲಾವಿದರು. ಬಣ್ಣ ಮುಟ್ಟುತ್ತಿರಲಿಲ್ಲ. ಹರಿದ ಲಕೋಟೆ, ಟ್ರಾಮ್ ಟಿಕೆಟ್ಟು, ಅಂಗಿಯ ಗುಂಡಿ, ಇವನ್ನೆಲ್ಲ ಹಲಗೆಗೆ ಅಂಟಿಸಿದರೆ ಅದೇ ಚಿತ್ರ. ನನಗೆ ಅರ್ಥವಾಗುತ್ತಿರಲಿಲ್ಲ. ಅವರಿಗೆ ನನ್ನ ತಿಳಿಸಾರು ಇಷ್ಟವಾಗಿತ್ತು, ಅಷ್ಟು ಸಾಕಾಗಿತ್ತು.

ಎಪ್ಪತ್ತರ ದಶಕದ ಆರಂಭ. ಯುಗಾದಿಗೆ ನಾಲ್ಕು ದಿನವಿರುವಾಗ ಎದೆನೋವೆಂದು ಅವರು ಆಸ್ಪತ್ರೆ ಸೇರಿದರು. ಗಿಡಕ್ಕೆ ನೀರು ಹಾಕಲು ಕೀಲಿಕೈ ನನ್ನಲ್ಲಿತ್ತು. ನಮ್ಮ ಮನೆಯ ಧೂಳು ಹೊಡೆದಾದ ಮೇಲೆ ಅವರದನ್ನೂ ಗುಡಿಸಿಬಿಡೋಣ ಅನ್ನಿಸಿತು.

"ಅವರು ಹೇಳಿದ್ರಾ?" ಎಂದರು ನಮ್ಮನೆಯವರು.

"ಹೇಳ್ಬೇಕೇನ್ರೀ? ಹಬ್ಬದ ಹೊತ್ತಲ್ಲಿ ಎದುರು ಮನೆ ಹಾಗೇ ಇರ್ಬಹುದಾ?"

"ಹಾಗೇ ಸಬ್‌ವೇ ರೈಲನ್ನೂ ಒಂದ್ಸಲ ಗುಡಿಸ್ಬಿಡು. ನಾನು ದಿನಾ ಆಫೀಸಿಗೆ ಹೋಗಿಬರೋದಾದ್ರೂ ಸುಖವಾಗಿರುತ್ತೆ."

ಮೈಸೂರಿನಿಂದ ತಂದಿದ್ದ ಹುಲ್ಲಿನ ಪೊರಕೆ ಹಿಡಿದು ಹೋದೆ. ಮೇಜಿನ ಮೇಲೂ ಕೆಳಗೂ ಕಾಗದದ ಚೂರುಗಳೇ. ಅಕ್ಷರವಿರುವ ಕಾಗದ ಸರಸ್ವತಿ, ಅದನ್ನು ಎಸೆಯುವ ಅಭ್ಯಾಸ ನಮ್ಮಲ್ಲಿಲ್ಲ. ಒಂದಕ್ಷರವಿದ್ದ ಚೂರನ್ನೂ ಹೆಕ್ಕಿ, ಕಣ್ಣಿಗೊತ್ತಿಕೊಂಡು, ಜೋಡಿಸಿ, ಭಾರಕ್ಕೆ ಇಸ್ತ್ರಿಪೆಟ್ಟಿಗೆ ಇಟ್ಟೆ. ಏನೂ ಬರೆದಿರದ, ಹಳದಿಗಟ್ಟಿದ ಪಟ್ಟಿಗಳನ್ನು ಮಾತ್ರ ಗುಡಿಸಿ ಮಹಡಿಯ ಕೊನೆಯ ಕಸದ ಕೊಳವೆಗೆ ಸುರಿದೆ. ಅಲ್ಲಿ ಬಿದ್ದದ್ದೆಲ್ಲ ನೆಲಮಾಳಿಗೆಯ ಒಲೆಯಲ್ಲಿ ಸುಟ್ಟುಹೋಗುತ್ತಿತ್ತು.

ಹಬ್ಬದ ಮರುದಿನ ಅವರು ಮನೆಗೆ ಬಂದರು. ಒಬ್ಬಟ್ಟು ತೆಗೆದುಕೊಂಡು ಹೋದೆ. ಇಸ್ತ್ರಿಪೆಟ್ಟಿಗೆ ಎತ್ತಿ ನೋಡಿದರು, ಮೇಜಿನ ಕೆಳಗೆ ನೋಡಿದರು.

"ಖಾಲಿ ಪಟ್ಟಿಗಳು ಎಲ್ಲಿ?" ಎಂದರು ಇಂಗ್ಲಿಷಿನಲ್ಲಿ.

ಹೇಳಿದೆ. ಕುರ್ಚಿ ಹಿಡಿದು ಕೂತರು.

"ಅದರಲ್ಲಿ ಏನೂ ಇರಲಿಲ್ಲವಲ್ಲ?" ಎಂದೆ.

"ಇರಬಾರದೆಂದೇ ಕತ್ತರಿಸಿದ್ದೆ," ಎಂದರು.

ನಾಜಿಗಳ ವಿರುದ್ಧ ಕದ್ದು ಕರಪತ್ರ ಅಚ್ಚು ಹಾಕುತ್ತಿದ್ದ ಗೆಳೆಯರ ವಿಳಾಸಗಳು ಅವರ ಪುಸ್ತಕವೊಂದರಲ್ಲಿದ್ದವಂತೆ. ಪೊಲೀಸರು ಬರುವ ಮುಂಚೆ ಹೆಸರುಗಳನ್ನು ಕತ್ತರಿಸಿ ಸುಟ್ಟು, ಒಬ್ಬೊಬ್ಬರ ಹೆಸರಿನ ಪಕ್ಕ ಉಳಿದ ಖಾಲಿ ಅಂಚುಗಳನ್ನು ಕೋಟಿನೊಳಗೆ ಹೊಲಿದುಕೊಂಡು ಗಡಿ ದಾಟಿದ್ದರು. ಹದಿನಾಲ್ಕು ಪಟ್ಟಿ, ಹದಿನಾಲ್ಕು ಜನ. ಅವರಲ್ಲಿ ಒಬ್ಬರೂ ಮತ್ತೆ ಸಿಗಲಿಲ್ಲ. ಇಷ್ಟು ವರ್ಷ ಮುಟ್ಟದೆ ಇಟ್ಟದ್ದನ್ನು ಕೊನೆಯ ಚಿತ್ರಕ್ಕೆಂದು ಈಗಷ್ಟೇ ಹೊರತೆಗೆದಿದ್ದರು.

ತಟ್ಟೆ ಇನ್ನೂ ನನ್ನ ಕೈಯಲ್ಲೇ ಇತ್ತು. ಎಲ್ಲಿಡಬೇಕೋ ತೋಚಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ. "ಒಂದು ಸಲ ನಾನೇ ಸುಟ್ಟಿದ್ದೆ," ಎಂದರಷ್ಟೆ.

ಮನೆಗೆ ಬಂದು ಹೇಳಿದಾಗ ನಮ್ಮನೆಯವರು ತಮಾಷೆ ಮಾಡಲಿಲ್ಲ. ಪೊರಕೆಯನ್ನು ಪೇಪರಿನ ಮೇಲೆ ಬಿಚ್ಚಿ, ಕಡ್ಡಿ ಕಡ್ಡಿ ಬಿಡಿಸಿದರು. ಬುಡದಲ್ಲಿ ಒಂದು ಪಟ್ಟಿ ಸಿಕ್ಕಿಕೊಂಡಿತ್ತು, ಉಗುರಿನಷ್ಟು.

ಅಂಗೈಯಲ್ಲಿಟ್ಟುಕೊಂಡು ಹೋದೆ. "ಇದು ಯಾರದು?" ಎಂದು ಕೇಳಿಯೇಬಿಟ್ಟೆ.

"ಗೊತ್ತಿಲ್ಲ. ಯಾರೋ ಒಬ್ಬರು ತಪ್ಪಿಸಿಕೊಂಡಿದ್ದಾರೆ."

ಹಲಗೆಯ ಮೇಲೆ ಹದಿನಾಲ್ಕು ಜಾಗ ಪೆನ್ಸಿಲಿನಲ್ಲಿ ಗುರುತಾಗಿದ್ದವು. ಯಾವುದಕ್ಕೆ ಅಂಟಿಸಬೇಕೆಂದು ತಿಳಿಯದೆ, ಬೆರಳ ತುದಿಯ ಅಂಟು ಒಣಗುವವರೆಗೂ ಕೂತಿದ್ದರು. ಆಮೇಲೆ ಮತ್ತೆ ಅಂಟು ಹಚ್ಚಿಕೊಂಡರು.