ಅಕ್ಕನ ಅಳತೆಯ ಮನೆ

ನಮ್ಮಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹೇಳಲಿ ಬಿಡಿ. ಹೇಳುವವರಲ್ಲಿ ಒಬ್ಬರಾದರೂ ಅವಳ ಗಾಡಿಯಲ್ಲಿ ಕೂತು, ಯಾವುದಾದರೂ ಆಫೀಸಿನ ಮೆಟ್ಟಿಲು ಕೆಳಗಿನಿಂದ ನೋಡಿ ಬರಲಿ, ಆಮೇಲೆ ಮಾತಾಡೋಣ. ಗಾಡಿ ಅಂದರೆ ವೀಲ್‌ಚೇರು. ಚಿಕ್ಕವಳಿದ್ದಾಗ ಜ್ವರ ಬಂದು ಎರಡೂ ಕಾಲಿನ ಶಕ್ತಿ ಹೋಯಿತು, ಅಲ್ಲಿಂದ ಅವಳು ಬೆಳೆದದ್ದೆಲ್ಲ ಗಾಡಿಯ ಮೇಲೆ.

ಅವಳ ಕೆಲಸ ಹೊಲಿಗೆ ಮಿಷನ್ ರಿಪೇರಿ. ತೊಡೆಯ ಮೇಲೆ ಸಾಮಾನಿನ ಚೀಲ ಇಟ್ಟುಕೊಂಡು, ತಾನೇ ಚಕ್ರ ತಳ್ಳಿಕೊಂಡು ದರ್ಜಿಗಳ ಬೀದಿಗೆ ಹೋಗುತ್ತಿದ್ದಳು. ಅಂಗಡಿ ಅಂಗಡಿಯಲ್ಲಿ ಮಿಷನ್ ಬಿಚ್ಚಿ, ಸಿಕ್ಕಿಕೊಂಡ ದಾರ ಕಿತ್ತು, ಎಣ್ಣೆ ಬಿಟ್ಟು, ಜೊತೆಗೆ ಎಲ್ಲರಿಗೂ ಒಂದಿಷ್ಟು ಬೈದು ಬರುತ್ತಿದ್ದಳು. "ಮಿಷನ್ ಏನು ನಿನ್ನ ಹೆಂಡತೀನಾ, ಎಷ್ಟು ದುಡಿಸಿದ್ರೂ ಬಾಯಿ ಮುಚ್ಕೊಂಡಿರೋಕೆ?" ಅಂತ ಅವಳು ಕೇಳಿದರೆ ಬೀದಿಗೆ ಬೀದಿಯೇ ನಗುತ್ತಿತ್ತು. ಅಕ್ಕ ಒಂದು ದಿನ ಬರದಿದ್ದರೆ, "ಇವತ್ತು ಬೈಗುಳ ಇಲ್ಲ, ಕೆಲಸವೇ ಓಡ್ತಿಲ್ಲ" ಅನ್ನುತ್ತಿದ್ದರಂತೆ.

ಆ ದುಡಿಮೆಯಲ್ಲೇ ಮನೆ ಕಟ್ಟಿಸಿದಳು. ನನ್ನ ಗಂಡ ಬಡಗಿ. ಅಕ್ಕ ಗಾಡಿಯಲ್ಲಿ ಕೂತು ಕೈ ಚಾಚಿದಳು, ಇವರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಅವಳ ಕೈ ಎಟುಕಿದಲ್ಲಿ ಸ್ವಿಚ್ಚು, ಅವಳ ಮೊಣಕೈ ಎತ್ತರಕ್ಕೆ ಅಡುಗೆ ಕಟ್ಟೆ, ಅವಳ ಮುಖಕ್ಕೆ ಸರಿಯಾಗಿ ಕನ್ನಡಿ. ಮುಂಬಾಗಿಲಲ್ಲಿ ಹೊರಗೆ ಯಾರು ಬಂದರು ಅಂತ ನೋಡುವ ಗಾಜಿನ ಕಿಂಡಿ ಕೂಡ ತಗ್ಗಿನಲ್ಲೇ. ನಾವು ಹೋದರೆ ಪಾತ್ರೆ ತೊಳೆಯಲು ಸೊಂಟ ಬಗ್ಗಿಸಬೇಕು, ಕನ್ನಡಿಯಲ್ಲಿ ನಮ್ಮ ಹೊಟ್ಟೆ ಮಾತ್ರ ಕಾಣುತ್ತದೆ. ನಾನು ಗೊಣಗಿದರೆ, "ನಾನು ಚಿಕ್ಕಂದಿನಿಂದ ಕತ್ತು ಎತ್ತಿಕೊಂಡೇ ಮಾತಾಡ್ತಿದ್ದೀನಿ. ನೀನು ಐದು ನಿಮಿಷ ಬಗ್ಗಿದ್ರೆ ಸವೆದು ಹೋಗಲ್ಲ ಕಣೇ" ಅನ್ನುತ್ತಿದ್ದಳು.

ಇಂಥ ಮನೆಯನ್ನು ಅವಳು ಯಾಕೆ ಮಾರಲು ಹೊರಟಳು? ರಸ್ತೆಯಿಂದಾಗಿ. ಹಳೆಯ ಡಾಂಬರು ಕೀಳದೆ ಅದರ ಮೇಲೇ ಹೊಸದು ಸುರಿದರು. ಮತ್ತೊಮ್ಮೆ ಬಂದು ಅದರ ಮೇಲೂ ಸುರಿದರು. ಹೀಗೇ ಸುರಿದು ಸುರಿದು ರಸ್ತೆ ಮೇಲಕ್ಕೆ ಹೋಯಿತು, ಅಕ್ಕನ ಮನೆ ಹಳ್ಳಕ್ಕೆ ಬಿತ್ತು. ಬಾಗಿಲಿಂದ ರಸ್ತೆಗಿದ್ದ ಸಣ್ಣ ಇಳಿಜಾರು ಈಗ ಕಡಿದಾದ ಏರು. ಅಂಗಳವೋ ನಾಲ್ಕು ಹೆಜ್ಜೆ. ಹಿಂದಿನಿಂದ ಯಾರಾದರೂ ಬಲವಾಗಿ ತಳ್ಳದೆ ಗಾಡಿ ಹತ್ತುವುದಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ, ನನ್ನ ಗಂಡನಿಗೆ ಹಗಲೆಲ್ಲ ಕೆಲಸ. ನಗರಸಭೆಗೆ ದೂರು ಕೊಡಲು ಹೋದರೆ ಅಲ್ಲಿ ಕೂತವನು, "ರಸ್ತೆ ಚೆನ್ನಾಗಿ ಮಾಡಿದ್ರೂ ತಪ್ಪಾ ನಿಮಗೆ?" ಅಂದ. ಅವನ ನಾಲಿಗೆಗೆ ಡಾಂಬರು ಸುರಿಯಬೇಕಿತ್ತು.

ದರ್ಜಿಗಳ ಬೀದಿ ತಪ್ಪಿತು. ಮಿಷನ್‌ಗಳನ್ನು ಅವರೇ ತಂದು ಕೊಡುತ್ತಿದ್ದರು, ಕೆಲಸಕ್ಕೇನೂ ಕೊರತೆ ಇರಲಿಲ್ಲ. ಆದರೆ ಯಾರಾದರೂ ಫೋನಿನಲ್ಲಿ "ಹೇಗಿದ್ದೀರಾ?" ಅಂತ ಕೇಳಿದರೆ ಅಕ್ಕ, "ಒಳಗಿದ್ದೀನಿ" ಅನ್ನುತ್ತಿದ್ದಳು.

ಅಷ್ಟರಲ್ಲಿ ದರ್ಜಿಗಳ ಬೀದಿಯ ಹಿಂದೆ ಒಂದು ಸಣ್ಣ ಮನೆ ಮಾರಾಟಕ್ಕೆ ಬಂತು. ಬಾಗಿಲೂ ಬೀದಿಯೂ ಒಂದೇ ಮಟ್ಟ, ಗಾಡಿ ಸೀದಾ ಉರುಳಿಕೊಂಡು ಹೋಗುತ್ತದೆ. ಅದರ ಯಜಮಾನರು, "ನಿಮ್ಮದು ಮಾರಿ ಬನ್ನಿ, ಈ ತಿಂಗಳ ಕೊನೇವರೆಗೂ ಕಾಯ್ತೀನಿ" ಅಂದರು. ಅಕ್ಕ ಆ ಮಾತನ್ನೇ ಹಿಡಿದುಕೊಂಡು ಕೂತಳು. ಆದರೆ ಅವಳ ಮನೆ ನೋಡಲು ಬಂದವರೆಲ್ಲ ಅಡುಗೆಮನೆಯಲ್ಲಿ ಒಮ್ಮೆ ಬಗ್ಗಿ, ಕನ್ನಡಿಯ ಮುಂದೆ ಒಮ್ಮೆ ಬಗ್ಗಿ, ಮೂಗು ಮುರಿದು ಹೋದರು. "ಇದೇನು ಮಕ್ಕಳಾಟದ ಮನೆಯಾ?" ಅಂತ ಒಬ್ಬಳು ನಕ್ಕಳು. ಅಕ್ಕ ಅಲ್ಲೇ ಇದ್ದಳು.

ಆಗ ಬಂದಳು ಬ್ರೋಕರಮ್ಮ. ಯಾರೂ ಮೂಸದ ಮನೆಯನ್ನೂ ಸಿಂಗರಿಸಿ ಮಾರಿಬಿಡುತ್ತಾಳೆ ಅಂತ ಹೆಸರು ಮಾಡಿದವಳು. ನಾವು ಅವಳಿಗೆ ಸಿಂಗಾರಮ್ಮ ಅಂತಲೇ ಹೆಸರಿಟ್ಟೆವು. ಒಳಗೆ ಕಾಲಿಟ್ಟವಳೇ ಸುತ್ತ ನೋಡಿ, "ಈ ಮನೇಲಿ ಎಲ್ಲಾ ಬಿದ್ದುಹೋಗಿರೋ ಹಾಗಿದೆ. ಮೇಲೆತ್ತಬೇಕು" ಅಂದಳು.

ಎತ್ತಿಸಿದಳು. ಸ್ವಿಚ್ಚುಗಳನ್ನೆಲ್ಲ ಮೇಲೆ ಹಾಕಿಸಿದಳು. ಅಡುಗೆ ಕಟ್ಟೆಯ ಮೇಲೆ ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ ಕೂರಿಸಿ, ಅದರ ಮೇಲೆ ಒಲೆ. ತಗ್ಗಿನ ಕಪಾಟುಗಳಿಗೆ ಅಡ್ಡಲಾಗಿ ಉದ್ದುದ್ದ ಹಲಗೆಯ ಗೋಡೆ. ಬಾಗಿಲ ಗಾಜಿನ ಕಿಂಡಿಗೆ ಪ್ಲಾಸ್ಟಿಕ್ ಹೂವಿನ ಗೊಂಚಲು. ಇಳಿಜಾರಿನ ಎರಡೂ ಬದಿಗೆ ಹೂಕುಂಡ. ಇದನ್ನೆಲ್ಲ ಮಾಡಿದವರು ನನ್ನ ಗಂಡನೇ. ತಾವೇ ಇಳಿಸಿದ್ದನ್ನು ತಾವೇ ಏರಿಸುವಾಗ ಅವರ ಸುತ್ತಿಗೆಯ ಏಟು ಬೇಕಾದ್ದಕ್ಕಿಂತ ಜೋರಾಗಿ ಬೀಳುತ್ತಿತ್ತು.

ಮುಂದಿನ ಹಾಲ್ ಈಗ ಅಂಗಡಿಯಲ್ಲಿ ಜೋಡಿಸಿಟ್ಟ ಹಾಗಿತ್ತು. ಹೊಸ ಸೋಫಾ, ಅದರ ಮೇಲೆ ಯಾರೂ ಒರಗದ ದಿಂಬು. ಚೆಂದವಾಗಿತ್ತು, ಇಲ್ಲ ಅನ್ನೋದಿಲ್ಲ. ಆದರೆ ಮಾರಾಟವಾಗುವ ತನಕ ಆ ಮನೆಯಲ್ಲಿ ಬದುಕಬೇಕಾದವಳು ಅಕ್ಕ! ಒಲೆ ಎಟುಕದು, ನಾನು ಎರಡು ಬೀದಿ ದಾಟಿ ಡಬ್ಬಿ ತರುತ್ತಿದ್ದೆ. ಸ್ವಿಚ್ಚು ಎಟುಕದು, ಲಟ್ಟಣಿಗೆ ಎತ್ತಿ ಅದರ ತುದಿಯಿಂದ ಒತ್ತುತ್ತಿದ್ದಳು. ಒಂದು ಸಂಜೆ ಡಬ್ಬಿ ತಂದಾಗ ಮನೆ ಪೂರ್ತಿ ಕತ್ತಲು. "ಅಕ್ಕಾ?" ಅಂದೆ.

"ಇಲ್ಲೇ ಇದ್ದೀನಿ. ಲಟ್ಟಣಿಗೆ ಕೈ ಜಾರಿ ಸೋಫಾ ಕೆಳಗೆ ಹೋಯ್ತು. ನನ್ನ ಮನೇಲಿ ನನಗೆ ದೀಪ ಹಾಕೋಕೆ ನೀನು ಬರಬೇಕು ನೋಡು."

ನಾನು ದೀಪ ಹಾಕಿದೆ. ಸಿಂಗಾರಮ್ಮನಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಬೈಯಲು ಹೊರಟರೆ ಅಕ್ಕನೇ ತಡೆದಳು. "ಬೇಡ. ತಿಂಗಳು ಮುಗೀತಾ ಬಂತು. ಆ ಮನೆ ಸಿಕ್ಕಿಬಿಟ್ರೆ ಸಾಕು" ಅಂದಳು. ನಮ್ಮಕ್ಕ ಕೋಪ ನುಂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೋಡಬಾರದಿತ್ತು.

ಗಿರಾಕಿಗಳು ಬರುವಾಗ ಗಾಡಿ ಕಣ್ಣಿಗೆ ಬೀಳಬಾರದು, ಅದು ಸಿಂಗಾರಮ್ಮನ ಕಟ್ಟಪ್ಪಣೆ. "ಗಾಡಿ ಕಂಡ್ರೆ ಮನೆಗೇ ಕಾಯಿಲೆ ಇದ್ದ ಹಾಗೆ ಕಾಣುತ್ತೆ" ಅಂದಿದ್ದಳು. ಅದಕ್ಕೇ ಪ್ರತಿ ಸಲ ನನ್ನ ಗಂಡ ಅಕ್ಕನನ್ನು ತಳ್ಳಿ ನಮ್ಮ ಮನೆಗೆ ತಂದು ಬಿಡುತ್ತಿದ್ದರು. ಕೊನೆಯ ಸಲ ಅವರು ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದರು. "ಪರವಾಗಿಲ್ಲ, ಸೋಫಾ ಮೇಲೆ ಕೂತ್ಕೊಳ್ಳಿ, ಏಳಬೇಡಿ ಅಷ್ಟೆ" ಅಂದಳು ಸಿಂಗಾರಮ್ಮ. ಏಳಬೇಡಿ ಅಂತೆ! ಅಕ್ಕನನ್ನು ಸೋಫಾಕ್ಕೆ ಸರಿಸಿ, ಗಾಡಿ ಮಡಚಿ ಬಚ್ಚಲಿನ ಹಿಂದೆ ಇಟ್ಟು ಬಂದೆ.

ಬಂದವರು ಗಂಡ ಹೆಂಡತಿ. ಮನೆ ಹಿಡಿಸಿತು. ಅಡುಗೆಮನೆಯಲ್ಲಿ ಹೆಂಡತಿ ನಿಂತುಕೊಂಡೇ ಒಲೆ ಸವರಿ ನಕ್ಕಳು. ಸಿಂಗಾರಮ್ಮ ಬೆಣ್ಣೆ ಹಚ್ಚಿದ್ದೇ ಹಚ್ಚಿದ್ದು. ಗಂಡ ಸೋಫಾದ ಎದುರು ಕೂತು, "ಸರಿ, ನಮಗೆ ಒಪ್ಪಿಗೆ" ಅಂದ. ಅಕ್ಕನ ಮುಖ ನೋಡಿದೆ, ಅಷ್ಟು ದಿನದ ಮೇಲೆ ಗೆಲುವಾಗಿತ್ತು.

ಆಗ ಹೆಂಡತಿ, "ನಿಮ್ಮಮ್ಮನಿಗೂ ಒಂದ್ಸಲ ತೋರಿಸಬಹುದಿತ್ತು" ಅಂದಳು.

"ಕಾರಲ್ಲೇ ಇರ್ಲಿ ಬಿಡು. ಅವಳನ್ನ ಇಳಿಸಿ, ವೀಲ್‌ಚೇರಿಗೆ ಕೂರಿಸಿ, ಮತ್ತೆ ಹತ್ತಿಸಿ, ಯಾರಿಗೆ ಬೇಕು ಆ ತಾಪತ್ರಯ? ಹಿಂದಿನ ರೂಮಲ್ಲಿ ಇರೋಳಿಗೆ ನೋಡೋದೇನಿದೆ?" ಅಂದ ಗಂಡ.

ಅಕ್ಕ ಸೋಫಾದ ಅಂಚು ಹಿಡಿದಳು. "ನಿಮ್ಮಮ್ಮನೂ ಈ ಮನೇಲೇ ಇರೋದು ತಾನೇ?"

"ಹೌದು, ಮತ್ತೆಲ್ಲಿ ಇರ್ತಾಳೆ?"

"ಹಾಗಾದ್ರೆ ಮೊದಲು ಮನೆ ನೋಡಬೇಕಾದವರು ಅವರು. ತಂಗೀ, ನನ್ನ ಗಾಡಿ ತಾ."

ನಾನು ಹತ್ತಿರ ಹೋಗಿ ಮೆಲ್ಲಗೆ, "ಅಕ್ಕಾ, ಸುಮ್ನಿರೇ, ಮುಗೀತಾ ಇದೆ" ಅಂದೆ.

"ಗಾಡಿ ತಾ ಅಂದೆ!"

ತಂದೆ. ಅವಳು ಗಾಡಿಗೆ ಸರಿದು ಕೂತಾಗ ಆ ಇಬ್ಬರ ಬಾಯಿ ತೆರೆದದ್ದು ತೆರೆದೇ ಇತ್ತು. ಸಿಂಗಾರಮ್ಮ ಕಣ್ಣಲ್ಲೇ ಬೇಡಿಕೊಂಡಳು. ಅಕ್ಕ ಸೀದಾ ಅಡುಗೆಮನೆಗೆ ಹೋಗಿ ಪೆಟ್ಟಿಗೆಗೆ ರಪ್ಪನೆ ಹೊಡೆದಳು. "ಇದು ಬರೀ ನಾಟಕ. ಇದರ ಕೆಳಗಿದೆ ನಿಜವಾದ ಕಟ್ಟೆ. ಇದನ್ನ ತೆಗೆದ್ರೆ ನಿಮ್ಮಮ್ಮ ಯಾರನ್ನೂ ಕಾಯದೆ ಟೀ ಮಾಡ್ಕೋತಾರೆ. ಸ್ವಿಚ್ಚು ಮತ್ತೆ ಇಳಿಸಿಕೊಟ್ರೆ ತಾವೇ ದೀಪ ಹಾಕ್ಕೋತಾರೆ. ಕರ್ಕೊಂಡು ಬನ್ನಿ ಅವರನ್ನ!"

ಆ ಗಂಡಸು ಎದ್ದ. ಅಕ್ಕನ ಕಡೆ ನೋಡಲೂ ಇಲ್ಲ, ಸಿಂಗಾರಮ್ಮನಿಗೆ ಹೇಳಿದ. "ಏನ್ರೀ ಮೋಸ ಇದು? ಕಾಲಿಲ್ಲದವರ ಮನೆಗೆ ಬಣ್ಣ ಹಚ್ಚಿ ತೋರಿಸ್ತೀರಾ? ನಡಿಯೇ ಹೋಗೋಣ."

ನನ್ನ ಮೈಯೆಲ್ಲ ಉರಿದುಹೋಯಿತು. ಅವರಿಗೆಂದು ಇಟ್ಟಿದ್ದ ಲೋಟದ ನೀರನ್ನು ಅವನ ಮುಖಕ್ಕೆ ಎರಚಲಿಲ್ಲವಲ್ಲ ಅಂತ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು. ಅಕ್ಕ ಮಾತ್ರ, "ನಾನೇ ಕೇಳ್ತೀನಿ ಅವರನ್ನ" ಅನ್ನುತ್ತ ಅವರ ಹಿಂದೆಯೇ ಬಾಗಿಲು ದಾಟಿದಳು. ಏರಿನಲ್ಲಿ ಚಕ್ರ ಒತ್ತಿದಳು. ಅರ್ಧ ಹತ್ತಿದಳು. ಅಲ್ಲಿ ಗಾಡಿ ನಿಂತಿತು, ಜಾರಿತು, ಹೂಕುಂಡ ಉರುಳಿಸಿಕೊಂಡು ಮತ್ತೆ ಬಾಗಿಲಿಗೇ ಬಂದು ಬಡಿಯಿತು. ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ವಯಸ್ಸಾದ ಹೆಂಗಸು ಕುತ್ತಿಗೆ ಉದ್ದ ಮಾಡಿ ನಮ್ಮನ್ನೇ ನೋಡುತ್ತಿದ್ದರು. ಕಾರು ಹೊರಟುಹೋಯಿತು.

ಸಿಂಗಾರಮ್ಮ ಕೂಗಾಡಿ ಹೋದಳು. ತಿಂಗಳು ಮುಗಿಯಿತು, ದರ್ಜಿಗಳ ಬೀದಿಯ ಹಿಂದಿನ ಮನೆ ಬೇರೆಯವರ ಪಾಲಾಯಿತು. ಆ ಸುದ್ದಿ ಬಂದ ದಿನ ನಾನು ಅತ್ತೆ. ಅಕ್ಕ ಅಳಲಿಲ್ಲ, ಹಲ್ಲು ಕಡಿದುಕೊಂಡು ಕೂತಿದ್ದಳು. ನನ್ನ ಗಂಡ ಬಂದ ಕೂಡಲೇ, "ಆ ಹಲಗೆಗಳನ್ನೆಲ್ಲ ಕೀಳಪ್ಪಾ. ಸ್ವಿಚ್ಚೂ ಕೆಳಗಿಳಿಸು. ಆಮೇಲೆ ಇಳಿಜಾರು ಉದ್ದ ಮಾಡು" ಅಂದಳು.

"ಉದ್ದ ಮಾಡೋಕೆ ಅಂಗಳದಲ್ಲಿ ಜಾಗ ಎಲ್ಲಿದೆ ಅಕ್ಕಾ?"

"ಒಳಗೆ ಹಾಲ್‌ನಿಂದ ಶುರು ಮಾಡು."

 ಹಾಲ್‌ನ ಮಧ್ಯದಿಂದಲೇ ನೆಲ ಮೆಲ್ಲಗೆ ಏರುತ್ತ ಬಾಗಿಲು ದಾಟಿ ರಸ್ತೆ ಸೇರಿದರೆ ಏರು ಸಲೀಸು. ಇಷ್ಟು ಸಣ್ಣ ವಿಷಯ ಅಷ್ಟು ದಿನ ಯಾಕೆ ಹೊಳೆಯಲಿಲ್ಲ? ಮಾರುವ ಮನೆ, ಹಾಳಾದರೆ ಯಾರೂ ತಗೊಳ್ಳಲ್ಲ ಅಂತ ಹೆದರಿ ಹೆದರಿ, ಅವಳ ಮನೆಯನ್ನು ನಾವೂ ಕೊಳ್ಳುವವರ ಕಣ್ಣಿಂದಲೇ ನೋಡುತ್ತಿದ್ದೆವು. ಥೂ ನಮ್ಮ ಬುದ್ಧಿಗಿಷ್ಟು.

ಸಿಂಗಾರದ ಹಲಗೆಗಳೆಲ್ಲ ನೆಲಕ್ಕೆ ಬಂದವು. ನನ್ನ ಗಂಡ ಅಡಿಯಲ್ಲಿ ಮರದ ಕಟ್ಟು ಕೊಟ್ಟು, ಅವನ್ನೇ ಹಾಸಿ, ಮೇಲೆ ಗಾಡಿ ಜಾರದ ಹಾಗೆ ಒರಟು ರಬ್ಬರಿನ ಹಾಸು ಹೊಡೆದರು. ಬಾಗಿಲ ಹತ್ತಿರ ನೆಲ ಎದ್ದು ಬಂದದ್ದರಿಂದ ಕದದ ಕೆಳಭಾಗ ಕತ್ತರಿಸಬೇಕಾಯಿತು. ಸೋಫಾಕ್ಕೆ ಜಾಗವಿಲ್ಲದೆ ಅದನ್ನು ನಮ್ಮ ಮನೆಗೆ ಸಾಗಿಸಿದೆವು. ಹಾಲ್ ನೋಡಿದರೆ ಮನೆ ಅನ್ನುವ ಹಾಗೇ ಇಲ್ಲ, ನಾನೇ ಹೇಳುತ್ತೇನೆ.

ಸ್ವಲ್ಪ ದಿನ ಬಿಟ್ಟು ಸಿಂಗಾರಮ್ಮ ಇನ್ನೊಂದು ಗಿರಾಕಿಯ ಸುದ್ದಿ ಹಿಡಿದು ಬಂದಳು. ನಾನು ಅಕ್ಕನ ಅಡುಗೆಮನೆಯಲ್ಲಿ ಸೊಂಟ ಬಗ್ಗಿಸಿ ಪಾತ್ರೆ ತೊಳೆಯುತ್ತಿದ್ದೆ. ಬಾಗಿಲಲ್ಲಿ ನೆಲ ಏರಿದೆಯಲ್ಲ, ನಿಂತು ನಡೆಯುವವರಿಗೆ ಮೇಲಿನ ಚೌಕಟ್ಟು ಹಣೆಗೇ ಬರುತ್ತದೆ. "ಬಗ್ಗಿ ಬನ್ನಿ" ಅಂತ ಕೂಗುವಷ್ಟರಲ್ಲಿ ಟಣ್ ಅಂತ ಕೇಳಿಸಿತು.

"ಅಯ್ಯಯ್ಯೋ! ಏನ್ರೀ ಮಾಡಿಟ್ಟಿದ್ದೀರಾ? ಇನ್ನು ಈ ಮನೆ ಯಾರು ತಗೋತಾರೆ?" ಅಂತ ಹಣೆ ಉಜ್ಜಿಕೊಂಡಳು.

"ಯಾರೂ ತಗೊಳ್ಳಲ್ಲ."

"ನಿಮ್ಮ ಹತ್ರ ಏನು ಮಾತು! ಕರೀರಿ ನಿಮ್ಮಕ್ಕನ್ನ."

"ಅವಳು ಮನೇಲಿಲ್ಲ. ಹೊರಗೆ ಹೋಗಿದ್ದಾಳೆ."

"ಹೊರಗಾ? ಯಾರು ಕರ್ಕೊಂಡು ಹೋದ್ರು?"

ನಾನು ಕೈ ಒರೆಸಿಕೊಂಡು ಅವಳ ಎದುರು ಬಂದು ನಿಂತೆ.

"ಯಾರೂ ಕರ್ಕೊಂಡು ಹೋಗಿಲ್ಲ. ಒಬ್ಬಳೇ ಹೋಗಿದ್ದಾಳೆ. ಯಾವಾಗ ಬರ್ತಾಳೋ ಹೇಳಿಲ್ಲ."