‘ಮನೇಲೇ ಇರ್ತಾಳೆ’ ಎಂದು ಬರೆಸಿದ ವಿಮೆ

“ಅಮ್ಮಾ, ಟೈಲರಮ್ಮನ ಕೊರಳಲ್ಲಿ ಟೇಪು ಯಾಕಿಲ್ಲ?” ಮೆಟ್ಟಿಲಿಳಿಯುತ್ತಾ ಮಗಳು ಕೇಳಿದಳು. ಸುಟ್ಟುಹೋಯಿತು ಪುಟ್ಟಾ ಎಂದೆ. “ಹೊಸದು ತಗೊಂಡ್ರೆ ಆಯ್ತಪ್ಪ!” ಟೇಪು ತಗೊಳ್ಳಬಹುದು. ಉಳಿದದ್ದನ್ನು ಮಗುವಿಗೆ ಹೇಗೆ ಹೇಳಲಿ?

ಟೈಲರಮ್ಮ ಎಂದರೆ ಕೆಳಗಿನ ಮನೆಯ ಅಕ್ಕ. ಮುಂದಿನ ಕೋಣೆಯೇ ಅವಳ ಅಂಗಡಿ. ಒಂದು ಹೊಲಿಗೆ ಮಷಿನ್ನು, ಅಂಚು ಬಿಗಿಯುವ ಒಂದು ಓವರ್‌ಲಾಕ್ ಮಷಿನ್ನು, ಮೂಲೆಯಲ್ಲಿ ಟೀವಿ, ಗೋಡೆಯುದ್ದಕ್ಕೂ ಗಿರಾಕಿಗಳ ಬಟ್ಟೆ, ಒಂದೊಂದಕ್ಕೂ ಪಿನ್ನು ಚುಚ್ಚಿದ ಅಳತೆ ಚೀಟಿ. ಬೋರ್ಡು ಮಾತ್ರ ಇರಲಿಲ್ಲ. ನಾನು ಬಸುರಿಯಾಗಿದ್ದಾಗ ನನ್ನ ಬಟ್ಟೆಗಳನ್ನೆಲ್ಲ ಬಿಚ್ಚಿ ಸಡಿಲ ಮಾಡಿದವಳು, ಹೆರಿಗೆಯಾದ ಮೇಲೆ ಮತ್ತೆ ಬಿಗಿ ಮಾಡಿದವಳು ಅವಳೇ. “ಇಷ್ಟು ಬೇಗ ಇಳೀತೀಯ ಅಂತ ಗೊತ್ತಿದ್ರೆ ಬಿಚ್ತಾನೇ ಇರ್ಲಿಲ್ಲ ಕಣೇ” ಎಂದು ಪಿನ್ನು ಕಚ್ಚಿಕೊಂಡೇ ನಗುವಳು. ಅವಳ ಇಬ್ಬರು ಮಕ್ಕಳ ಓದು ನಡೆದದ್ದೂ ಆ ಕೋಣೆಯ ದುಡಿಮೆಯಿಂದಲೇ.

ಆದರೆ ಭಾವ, ಅಂದರೆ ಅವಳ ಗಂಡ, ಯಾರು ಕೇಳಿದರೂ “ಇವಳಾ? ಮನೇಲೇ ಇರ್ತಾಳೆ” ಅನ್ನುತ್ತಿದ್ದರು. ಕೇಳಿ ಕೇಳಿ ಆ ಮಾತು ನಮ್ಮ ಯಾರ ಕಿವಿಗೂ ತಾಗುತ್ತಿರಲಿಲ್ಲ.

ಬಾಡಿಗೆ ಮನೆ, ಗೋಡೆ ಚಾವಣಿಯನ್ನು ಮಾಲೀಕರು ನೋಡಿಕೊಳ್ಳಲಿ, ಒಳಗಿನ ಸಾಮಾನಿಗೆ ನಾವೇ ವಿಮೆ ಮಾಡಿಸೋಣ ಎಂದು ಹಟ ಹಿಡಿದವಳು ಅಕ್ಕ. ಏಜೆಂಟ್ ಮನೆಗೇ ಬಂದ. “ಇಲ್ಲಿ ಏನಾದ್ರೂ ಕಸುಬು ನಡೆಯುತ್ತಾ?” ಎಂದು ಕೇಳಿದ. “ಎಂಥದ್ದೂ ಇಲ್ಲ. ಇವಳು ಮನೇಲೇ ಇರ್ತಾಳೆ. ಹೊತ್ತು ಹೋಗ್ಲಿ ಅಂತ ಒಂಚೂರು ಹೊಲೀತಾಳೆ” ಎಂದರು ಭಾವ. ಅಕ್ಕ ಟೀ ತರಲು ಒಳಗೆ ಹೋದಳಂತೆ. ಅವನು ಹಾಗೇ ಬರೆದುಕೊಂಡ.

ಹೋದ ತಿಂಗಳು ಸ್ವಿಚ್‌ಬೋರ್ಡಿನಿಂದ ಹೊತ್ತಿದ ಬೆಂಕಿ ಆ ಕೋಣೆಯನ್ನು ನುಂಗಿ ನೀರು ಕುಡಿಯಿತು. ಬಟ್ಟೆ ಕೇಳಿಕೊಂಡು ಬಂದವರಿಗೆಲ್ಲ ಅಕ್ಕ, “ವಿಮೆ ಬರುತ್ತೆ, ನಿಮ್ಮದು ನಯಾಪೈಸೆ ಇಟ್ಕೊಳ್ಳಲ್ಲ” ಎಂದು ಮಾತು ಕೊಟ್ಟಳು. ನಷ್ಟ ನೋಡಲು ಬಂದ ವಿಮೆಯವರು ಕರಕಲನ್ನು ಕೋಲಿನಿಂದ ಕೆದಕಿ, “ಇವೆಲ್ಲ ಯಾರ ಬಟ್ಟೆ?” ಎಂದಾಗ ಅವಳು ನೆಟ್ಟಗೆ ನಿಂತು, “ನನ್ನ ಗಿರಾಕಿಗಳದ್ದು ಸರ್. ಮದುವೆಯಾದಾಗಿನಿಂದ ಹೊಲೀತಿದೀನಿ” ಎಂದಳು. ಅಷ್ಟು ಹೆಮ್ಮೆಯಿಂದ ಅವಳು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಇವತ್ತು ಉತ್ತರ ಬಂತು. ಟೀವಿಗೆ ಕೊಡುತ್ತಾರೆ, ಕಪಾಟಿಗೆ ಕೊಡುತ್ತಾರೆ. ಮಷಿನ್ನು ಕಸುಬಿನ ಸಾಮಾನು, ಬಟ್ಟೆ ಬೇರೆಯವರ ಸ್ವತ್ತು, ಎರಡಕ್ಕೂ ಇಲ್ಲ.

ವಿಮೆ ಕಂಪನಿಗೆ ನಾನೇ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಮೆತ್ತಗೆ, “ಕಸುಬಿನ ಸಾಮಾನಿಗೂ, ಗಿರಾಕಿಗಳು ನಂಬಿ ಕೊಟ್ಟ ವಸ್ತುವಿಗೂ ಬೇರೆ ರಕ್ಷಣೆ ಸೇರಿಸಬೇಕಿತ್ತು ಮೇಡಂ. ಇನ್ನೊಂಚೂರು ಕಟ್ಟಿದ್ರೆ ಸಾಕಿತ್ತು. ಅದಕ್ಕೇ ಅಲ್ವಾ ಕಸುಬು ಇದೆಯಾ ಅಂತ ಕೇಳೋದು?” ಎಂದಳು. ಅವಳ ಮೇಲೆ ಸಿಟ್ಟು ಮಾಡಲೂ ಆಗಲಿಲ್ಲ. ಅದೇ ಫೋನಿನಲ್ಲಿ ನಮ್ಮ ಮನೆಯ ವಿಮೆಯನ್ನೂ ವಿಚಾರಿಸಿದೆ: ಫ್ರಿಜ್ಜು ಹೋದರೆ ಹೊಸದರ ಬೆಲೆಯೋ, ಸವೆದದ್ದನ್ನು ಕಳೆದು ಕೊಡುವುದೋ? ಕಳೆದು ಕೊಡುವುದಂತೆ. ಬದಲಾಯಿಸಬೇಕು.

ಕೆಳಗೆ ಹೋಗಿ ಹೇಳಿದೆ. “ಹೋಗ್ಲಿ ಬಿಡೇ, ಟೀವಿದಾದ್ರೂ ಬಂತಲ್ಲ” ಎಂದರು ಭಾವ.

“ಹೌದು, ನೋಡ್ಕೊಂಡು ಕೂತ್ಕೊಳ್ಳಿ. ನಾನು ಸೋಮವಾರದಿಂದ ಗಾರ್ಮೆಂಟ್ಸ್‌ಗೆ ಹೋಗ್ತೀನಿ, ಕಾಲರ್ ಹಚ್ಚೋಕೆ” ಎಂದಳು ಅಕ್ಕ.

ಭಾವ ಪೇಪರು ಬಿಡಿಸಿಕೊಂಡರು. ಅಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ದನಿ ತಗ್ಗಿಸಿದಳು.

“ನಾಳೆ ಬೆಳಿಗ್ಗೆ ಗಿರಾಕಿಗಳನ್ನ ಬರಹೇಳಿದೀನಿ. ಸಂಬಳದಲ್ಲಿ ಸ್ವಲ್ಪ ಸ್ವಲ್ಪ ತೀರಿಸ್ತೀನಿ ಅಂತ ನಾನೇ ಹೇಳ್ಬೇಕು. ಅವರು ಹೋಗೋವರೆಗೂ ನಿನ್ನ ಭಾವನ್ನ ಮೇಲೆ ನಿಮ್ಮನೇಲಿ ಕೂರಿಸ್ಕೋತೀಯಾ, ತಾಯಿ? ನನ್ನ ಪರವಾಗಿ ಇವರು ಇನ್ನೊಂದ್ಸಲ ಮಾತಾಡೋದು ಬೇಡ.”